ಒಂದು ಹೆಸರಿನ ಇತಿಹಾಸ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇಂಗ್ಲಿಷಿನ ‘ಜೆಡ್’

ವಿಜ್ಞಾನ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಬರೆಯುವ ಪ್ರಾಜೆಕ್ಟ್ ವರದಿಗಳಲ್ಲಿ ‘ವರ್ಲ್ಡ್ ಹೆಲ್ತ್ ಆರ್ಗನೈಸೇಷನ್’ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿರಬಹುದು, ನಗರದ ಗಾಳಿಯಲ್ಲಿ ದೂಳಿನ ಕಣಗಳು ಎಷ್ಟಿರಬಹುದು ಎಂಬಂಥ ಪ್ರಶ್ನೆ ಎದುರಾದಾಗಲೆಲ್ಲ ಈ ಸಂಸ್ಥೆಯ ಮಾರ್ಗಸೂಚಿಗಳನ್ನು ಉಲ್ಲೇಖಿಸಬೇಕಾಗುತ್ತದೆ. ಅಂಥ ವರದಿಗಳನ್ನು ತಿದ್ದುವ ಅಧ್ಯಾಪಕರು ಒಂದು ಅಂಶವನ್ನು ಗಮನಿಸಿರಬಹುದು. ಒಂದೇ ವರದಿಯಲ್ಲಿ ‘ಆರ್ಗನೈಸೇಷನ್’ ಎಂಬ ಪದದ ನಡುವೆ ಒಂದು ಕಡೆ ‘ಎಸ್’ ಇರುತ್ತದೆ, ಇನ್ನೊಂದು ಕಡೆ ‘ಜೆಡ್’ ಇರುತ್ತದೆ. ಹ್ರಸ್ವರೂಪದ ಹಿಂದೆ ಒಮ್ಮೆ ‘ದಿ’ ಇರುತ್ತದೆ, ಒಮ್ಮೆ ಇರುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ ಯಾವುದು ಸರಿ ಎಂಬ ಪ್ರಶ್ನೆ ಏಳುತ್ತದೆ.

ಉತ್ತರ ಸರಳವಾಗಿದೆ. ಈ ಹೆಸರಿನಲ್ಲಿ ‘ಜೆಡ್’ ಇರಬೇಕು. ‘ಹಾಗಾದರೆ ಅದು ಅಮೆರಿಕದ ಸ್ಪೆಲಿಂಗ್ ಅಲ್ಲವೆ, ನಾವು ಕಲಿತದ್ದು ಬ್ರಿಟಿಷ್ ಇಂಗ್ಲಿಷ್ ತಾನೆ?’ ಎಂಬ ಮರುಪ್ರಶ್ನೆ ಸಹಜ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಸುಮಾರು ನೂರು ವರ್ಷಗಳ ಇತಿಹಾಸ ತೆರೆದುಕೊಳ್ಳುತ್ತದೆ. ಹೆಸರಿನ ಮೂರು ಪದಗಳಲ್ಲಿ ಪ್ರತಿಯೊಂದೂ ಇನ್ನೊಂದು ಪದವನ್ನು ಬದಿಗೆ ಸರಿಸಿ ಬಂದು ಕುಳಿತದ್ದು. ಅವುಗಳನ್ನು ಒಂದೊಂದಾಗಿ ನೋಡೋಣ.

‘ಹೆಲ್ತ್’ ಬರುವ ಮೊದಲು

ರೋಗಗಳ ವಿಷಯದಲ್ಲಿ ರಾಷ್ಟ್ರಗಳು ಒಟ್ಟಾಗಿ ಕುಳಿತು ಚರ್ಚಿಸಿದ ಮೊದಲ ಸಭೆ 1851ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಹನ್ನೆರಡು ರಾಷ್ಟ್ರಗಳು ತಲಾ ಒಬ್ಬ ವೈದ್ಯ ಮತ್ತು ಒಬ್ಬ ರಾಜತಂತ್ರಜ್ಞನನ್ನು ಕಳುಹಿಸಿದ್ದವು. ಅದರ ಹೆಸರು ‘ಇಂಟರ್‌ನ್ಯಾಷನಲ್ ಸ್ಯಾನಿಟರಿ ಕಾನ್ಫರೆನ್ಸ್’, ಅಂದರೆ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ. ಈ ಸರಣಿಯಲ್ಲಿ 1938ರವರೆಗೆ ಹದಿನಾಲ್ಕು ಸಮ್ಮೇಳನಗಳು ನಡೆದವು. ಮುಖ್ಯವಾಗಿ ಚರ್ಚೆಯಾದದ್ದು ಕಾಲರಾ, ಅನಂತರ ಪ್ಲೇಗು ಮತ್ತು ಹಳದಿ ಜ್ವರ. ಕಾಲರಾ ಹೇಗೆ ಹರಡುತ್ತದೆ ಎಂಬುದರ ಬಗ್ಗೆ ವೈದ್ಯರಲ್ಲೇ ಒಮ್ಮತ ಇರದಿದ್ದ ಕಾಲ ಅದು. ರಾಬರ್ಟ್ ಕಾಕ್ ಈಜಿಪ್ಟ್ ಮತ್ತು ಕಲ್ಕತ್ತಗಳಲ್ಲಿ ಅಧ್ಯಯನ ನಡೆಸಿ ಕಾಲರಾದ ಬ್ಯಾಕ್ಟೀರಿಯವನ್ನು ಗುರುತಿಸಿದ್ದು 1883-84ರಲ್ಲಿ.

ಈ ಸಮ್ಮೇಳನಗಳ ದೃಷ್ಟಿ ಯಾವುದಾಗಿತ್ತೆಂಬುದನ್ನು ಭಾರತೀಯರಾದ ನಾವು ಗಮನಿಸಬೇಕು. 1866ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಡೆದ ಸಮ್ಮೇಳನವು ಕಾಲರಾದ ಮೂಲನೆಲೆ ಗಂಗಾನದಿಯ ಮುಖಜ ಪ್ರದೇಶ ಎಂದು ತೀರ್ಮಾನಿಸಿತು. ಬೊಂಬಾಯಿಯಲ್ಲಿ 1896ರಲ್ಲಿ ಪ್ಲೇಗು ಕಾಣಿಸಿಕೊಂಡಾಗ 1897ರ ವೆನಿಸ್ ಸಮ್ಮೇಳನ ಪ್ಲೇಗಿಗೇ ಮೀಸಲಾಯಿತು. ಮರುವರ್ಷ, 1898ರಲ್ಲಿ, ಅದೇ ಪ್ಲೇಗು ಬೆಂಗಳೂರನ್ನೂ ಮುಟ್ಟಿತು. ಆದರೆ ವೆನಿಸ್‌ನಲ್ಲಿ ಕುಳಿತವರ ಚಿಂತೆ ಬೊಂಬಾಯಿಯ ಅಥವಾ ಬೆಂಗಳೂರಿನ ಜನರನ್ನು ಉಳಿಸುವುದು ಹೇಗೆ ಎಂಬುದಾಗಿರಲಿಲ್ಲ. ಪೂರ್ವದ ರೋಗ ಹಡಗುಗಳ ಮೂಲಕ ಯುರೋಪನ್ನು ತಲುಪದಂತೆ ತಡೆಯುವುದು ಹೇಗೆ, ಹಾಗೆ ತಡೆಯುವಾಗ ವ್ಯಾಪಾರಕ್ಕೆ ಆದಷ್ಟು ಕಡಿಮೆ ನಷ್ಟವಾಗುವಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಆಗಿತ್ತು. ‘ಸ್ಯಾನಿಟರಿ’ ಎಂಬ ಪದ ಆ ಉದ್ದೇಶಕ್ಕೆ ಒಪ್ಪುತ್ತಿತ್ತು. ಬಂದರು, ಹಡಗು, ಕ್ವಾರಂಟೈನ್, ಸೋಂಕುನಿವಾರಣೆ ಎಲ್ಲವೂ ಅದರೊಳಗೆ ಬರುತ್ತಿದ್ದವು. ಮನುಷ್ಯನ ಆರೋಗ್ಯ ಅದರಾಚೆಗೆ ಉಳಿಯುತ್ತಿತ್ತು.

ಮೊದಲು ಹುಟ್ಟಿದ ಕಾಯಂ ಕಚೇರಿಗಳ ಹೆಸರುಗಳೂ ಇದೇ ಧಾಟಿಯವು. 1902ರಲ್ಲಿ ವಾಷಿಂಗ್ಟನ್‌ನಲ್ಲಿ ‘ಇಂಟರ್‌ನ್ಯಾಷನಲ್ ಸ್ಯಾನಿಟರಿ ಬ್ಯೂರೋ’ ಆರಂಭವಾಯಿತು. 1923ರಲ್ಲಿ ಅದು ‘ಪ್ಯಾನ್ ಅಮೆರಿಕನ್ ಸ್ಯಾನಿಟರಿ ಬ್ಯೂರೋ’ ಆಯಿತು. 1907ರ ರೋಮ್ ಒಪ್ಪಂದದಂತೆ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಕಚೇರಿಗೆ ‘ಆಫೀಸ್ ಆಂಟರ್‌ನಾಸ್ಯೊನಾಲ್ ದಿಜೀನ್ ಪ್ಯುಬ್ಲಿಕ್’ ಎಂಬ ಫ್ರೆಂಚ್ ಹೆಸರಿತ್ತು. ಇದರ ಅರ್ಥ ಸಾರ್ವಜನಿಕ ನೈರ್ಮಲ್ಯದ ಅಂತರರಾಷ್ಟ್ರೀಯ ಕಚೇರಿ ಎಂದು.

ಮೊದಲ ಮಹಾಯುದ್ಧದ ಬಳಿಕ ಸ್ಥಾಪನೆಯಾದ ಲೀಗ್ ಆಫ್ ನೇಷನ್ಸ್, ಅಂದರೆ ರಾಷ್ಟ್ರಸಂಘ, ಜಿನೀವಾದಲ್ಲಿ ತನ್ನದೇ ಆರೋಗ್ಯ ವಿಭಾಗವನ್ನು ತೆರೆಯಿತು. ಪೋಲೆಂಡಿನ ಬ್ಯಾಕ್ಟೀರಿಯ ವಿಜ್ಞಾನಿ ಲುಡ್ವಿಕ್ ರೈಶ್‌ಮನ್ 1921ರಿಂದ ಅದರ ನಿರ್ದೇಶಕರಾಗಿದ್ದರು. 1925ರಲ್ಲಿ ಸಿಂಗಪುರದಲ್ಲಿ ಅದರ ಪೂರ್ವ ವಲಯದ ಕಚೇರಿ ಆರಂಭವಾಗಿ, ಏಷ್ಯಾದ ಬಂದರುಗಳಿಂದ ಸಾಂಕ್ರಾಮಿಕ ರೋಗಗಳ ಸುದ್ದಿಯನ್ನು ತಂತಿಯ ಮೂಲಕ ಸಂಗ್ರಹಿಸಿ ಹಂಚತೊಡಗಿತು. ಈ ವಿಭಾಗದ ಹೆಸರು ‘ಹೆಲ್ತ್ ಆರ್ಗನೈಸೇಷನ್’. ನಮ್ಮ ಮೂರು ಪದಗಳಲ್ಲಿ ಎರಡು ಇಲ್ಲಿಗೆ ಬಂದವು. ಆದರೆ ಅದರ ಇಂಗ್ಲಿಷ್ ಪ್ರಕಟಣೆಗಳಲ್ಲಿ ‘ಆರ್ಗನೈಸೇಷನ್’ ಪದಕ್ಕೆ ‘ಎಸ್’ ಇತ್ತು. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸನ್ನದಿನೊಳಗೆ ಸೇರಿದ ಪದ

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರ ಏಪ್ರಿಲ್‌ನಿಂದ ಜೂನ್‌ವರೆಗೆ, ವಿಶ್ವಸಂಸ್ಥೆಯ ಸನ್ನದನ್ನು ರೂಪಿಸಲು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸಮ್ಮೇಳನ ನಡೆಯಿತು. ಆರೋಗ್ಯವು ಅಲ್ಲಿನ ಮುಖ್ಯ ವಿಷಯವಾಗಿರಲಿಲ್ಲ. ಚೀನಾದ ಸ್ಜೆಮಿಂಗ್ ಸ್ಜೆ, ಬ್ರೆಜಿಲ್‌ನ ಜೆರಾಲ್ಡೊ ದೆ ಪೌಲಾ ಸೋಜಾ ಮತ್ತು ನಾರ್ವೆಯ ಕಾರ್ಲ್ ಇವಾಂಗ್ ಎಂಬ ಮೂವರು ವೈದ್ಯರು ತಮ್ಮ ತಮ್ಮ ದೇಶಗಳ ನಿಯೋಗಗಳಲ್ಲಿದ್ದರು. ಆರೋಗ್ಯಕ್ಕಾಗಿ ಒಂದು ಅಂತರರಾಷ್ಟ್ರೀಯ ಸಂಸ್ಥೆ ಬೇಕೆಂಬ ವಿಚಾರವನ್ನು ಈ ಮೂವರು ಮುಂದಿಟ್ಟರು. ಚೀನಾ ಮತ್ತು ಬ್ರೆಜಿಲ್ ಜಂಟಿಯಾಗಿ ಮಂಡಿಸಿದ ಘೋಷಣೆಗೆ ಒಪ್ಪಿಗೆ ದೊರೆಯಿತು. ಸನ್ನದಿನ 55 ಮತ್ತು 57ನೇ ವಿಧಿಗಳಲ್ಲಿ ‘ಹೆಲ್ತ್’ ಎಂಬ ಪದ ಸೇರಿತು.

ಈ ಸಮ್ಮೇಳನದಲ್ಲಿ ಆರ್ಥಿಕ ಮತ್ತು ಸಾಮಾಜಿಕ ಪ್ರಶ್ನೆಗಳನ್ನು ಚರ್ಚಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು ಭಾರತದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. 1946ರ ಜನವರಿಯಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾಗಿ ಆಯ್ಕೆಯಾದವರೂ ಅವರೇ. ಫೆಬ್ರವರಿಯಲ್ಲಿ ಆ ಮಂಡಳಿ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನವೊಂದನ್ನು ಕರೆಯಲು ನಿರ್ಣಯಿಸಿತು. ಅದೇ ವರ್ಷ ಮೊದಲಿಯಾರ್ ಅವರು ಮೈಸೂರು ಸಂಸ್ಥಾನದ ದಿವಾನರಾದರು ಎಂಬುದು ಕನ್ನಡಿಗರಿಗೆ ಆಸಕ್ತಿಯ ವಿಷಯ. ಅವರ ಅವಳಿ ಸೋದರ, ಪ್ರಸಿದ್ಧ ವೈದ್ಯ ಲಕ್ಷ್ಮಣಸ್ವಾಮಿ ಮೊದಲಿಯಾರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯಕಾರಿ ಮಂಡಳಿಯ ಅಧ್ಯಕ್ಷರಾದರು. 1961ರಲ್ಲಿ ದೆಹಲಿಯಲ್ಲಿ ನಡೆದ ವಿಶ್ವ ಆರೋಗ್ಯ ಸಭೆಯ ಅಧ್ಯಕ್ಷತೆಯನ್ನೂ ವಹಿಸಿದರು.

1946ರ ಮಾರ್ಚ್-ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ತಾಂತ್ರಿಕ ಪೂರ್ವಸಿದ್ಧತಾ ಸಮಿತಿ ಸಂವಿಧಾನದ ಕರಡನ್ನು ತಯಾರಿಸಿತು. ನ್ಯೂಯಾರ್ಕ್‌ನಲ್ಲಿ ಜೂನ್ 19ರಿಂದ ಜುಲೈ 22ರವರೆಗೆ ಆರೋಗ್ಯ ಸಮ್ಮೇಳನ ನಡೆಯಿತು. ಕೊನೆಯ ದಿನ 61 ರಾಷ್ಟ್ರಗಳ ಪ್ರತಿನಿಧಿಗಳು ಸಂವಿಧಾನಕ್ಕೆ ಸಹಿ ಹಾಕಿದರು. ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲ, ದೇಹ, ಮನಸ್ಸು, ಸಾಮಾಜಿಕ ಬದುಕು ಮೂರೂ ಚೆನ್ನಾಗಿರುವ ಸ್ಥಿತಿಯೇ ಆರೋಗ್ಯ ಎಂಬ ಅರ್ಥದ ವ್ಯಾಖ್ಯೆ ಅದರ ಆರಂಭದಲ್ಲೇ ಇದೆ. ಬಂದರಿನ ಬಾಗಿಲು ಕಾಯುವ ‘ಸ್ಯಾನಿಟರಿ’ಯಿಂದ ‘ಹೆಲ್ತ್’ಗೆ ಬಂದ ದೂರ ಎಷ್ಟೆಂಬುದು ಇದರಿಂದ ತಿಳಿಯುತ್ತದೆ. ವಾಷಿಂಗ್ಟನ್ನಿನ ಹಳೆಯ ಸಂಸ್ಥೆಯೂ 1958ರಲ್ಲಿ ‘ಸ್ಯಾನಿಟರಿ’ಯನ್ನು ಬಿಟ್ಟು ‘ಪ್ಯಾನ್ ಅಮೆರಿಕನ್ ಹೆಲ್ತ್ ಆರ್ಗನೈಸೇಷನ್’ ಎಂದು ಹೆಸರು ಬದಲಿಸಿಕೊಂಡಿತು.

‘ಇಂಟರ್‌ನ್ಯಾಷನಲ್’ ಅಲ್ಲ, ‘ವರ್ಲ್ಡ್’

ಅದುವರೆಗಿನ ಹೆಸರುಗಳಲ್ಲಿ ಸಾಮಾನ್ಯವಾಗಿದ್ದ ಪದ ‘ಇಂಟರ್‌ನ್ಯಾಷನಲ್’. ಹೊಸ ಸಂಸ್ಥೆಗೂ ಅದೇ ಪದವನ್ನು ಅಥವಾ ‘ಯುನೈಟೆಡ್ ನೇಷನ್ಸ್’ ಎಂಬುದನ್ನು ಇಡಬಹುದಾಗಿತ್ತು. ಅದರ ಬದಲಿಗೆ ‘ವರ್ಲ್ಡ್’ ಎಂಬ ಪದವೇ ಇರಲೆಂದು ಒತ್ತು ಕೊಟ್ಟವರಲ್ಲಿ ಕೆನಡಾದ ಮನೋವೈದ್ಯ ಬ್ರಾಕ್ ಚಿಸಮ್ ಪ್ರಮುಖರು. ಮುಂದೆ ಸಂಸ್ಥೆಯ ಮೊದಲ ಮಹಾನಿರ್ದೇಶಕರಾದವರೂ ಅವರೇ.

ಈ ಆಯ್ಕೆ ಕೇವಲ ಅಲಂಕಾರಕ್ಕಾಗಿ ಆಗಿರಲಿಲ್ಲ. ಹೊಸ ಸಂಸ್ಥೆ ವಿಶ್ವಸಂಸ್ಥೆಯ ಒಂದು ಇಲಾಖೆಯಲ್ಲ. ಅದು ತನ್ನದೇ ಸಂವಿಧಾನ, ತನ್ನದೇ ಸದಸ್ಯರಿರುವ, ಒಪ್ಪಂದದ ಮೂಲಕ ವಿಶ್ವಸಂಸ್ಥೆಯೊಡನೆ ಸಂಬಂಧ ಬೆಳೆಸಿದ ‘ವಿಶೇಷ ಸಂಸ್ಥೆ’. ವಿಶ್ವಸಂಸ್ಥೆಗೆ ಸೇರದ ದೇಶಗಳಿಗೂ ಅದರ ಬಾಗಿಲು ತೆರೆದಿತ್ತು. ಇಟಲಿ ಮತ್ತು ಆಸ್ಟ್ರಿಯಾ ವಿಶ್ವಸಂಸ್ಥೆಯ ಸದಸ್ಯರಾದದ್ದು 1955ರಲ್ಲಿ, ಆದರೆ ಆರೋಗ್ಯ ಸಂಸ್ಥೆಗೆ 1947ರಲ್ಲೇ ಸೇರಿದ್ದವು. ಸ್ವಿಟ್ಜರ್ಲೆಂಡಿನ ಉದಾಹರಣೆ ಇನ್ನೂ ಸ್ವಾರಸ್ಯಕರ. ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಆ ದೇಶದ ಜಿನೀವಾದಲ್ಲಿ. ಆ ದೇಶವೂ 1947ರಲ್ಲೇ ಆರೋಗ್ಯ ಸಂಸ್ಥೆಯ ಸದಸ್ಯನಾಯಿತು, ವಿಶ್ವಸಂಸ್ಥೆಗೆ ಸೇರಿದ್ದು ಮಾತ್ರ 2002ರಲ್ಲಿ. ಹೆಸರಿನಲ್ಲಿ ‘ಯುನೈಟೆಡ್ ನೇಷನ್ಸ್’ ಎಂದಿದ್ದರೆ ಐದು ದಶಕಗಳಿಗೂ ಹೆಚ್ಚು ಕಾಲ ಅದು ಆತಿಥೇಯ ದೇಶಕ್ಕೇ ಹೊಂದುತ್ತಿರಲಿಲ್ಲ.

ಸಂವಿಧಾನ ಜಾರಿಗೆ ಬರಲು ವಿಶ್ವಸಂಸ್ಥೆಯ 26 ಸದಸ್ಯ ರಾಷ್ಟ್ರಗಳ ಒಪ್ಪಿಗೆ ಬೇಕಿತ್ತು. ಅದು ಪೂರ್ಣವಾದದ್ದು 1948ರ ಏಪ್ರಿಲ್ 7ರಂದು. ಪ್ರತಿವರ್ಷ ಆ ದಿನವನ್ನು ವಿಶ್ವ ಆರೋಗ್ಯ ದಿನವೆಂದು ಆಚರಿಸುತ್ತೇವೆ. ಭಾರತ ಅದಕ್ಕೂ ಮೊದಲೇ, ಅದೇ ವರ್ಷದ ಜನವರಿಯಲ್ಲಿ, ಸದಸ್ಯನಾಗಿತ್ತು. 1950ರ ವಿಶ್ವ ಆರೋಗ್ಯ ಸಭೆಗೆ ನಮ್ಮ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು.

‘ವರ್ಲ್ಡ್’ ಎಂಬ ಪದಕ್ಕೆ ಬಲುಬೇಗ ಪರೀಕ್ಷೆ ಎದುರಾಯಿತು. ಶೀತಲ ಸಮರದ ದಿನಗಳಲ್ಲಿ, 1949ರಲ್ಲಿ, ಸೋವಿಯತ್ ಒಕ್ಕೂಟ ಮತ್ತು ಅದರ ಜೊತೆಗಾರ ದೇಶಗಳು ತಾವು ಹೊರಹೋಗುವುದಾಗಿ ತಿಳಿಸಿದವು. ಸಂವಿಧಾನದಲ್ಲಿ ಸದಸ್ಯತ್ವ ತೊರೆಯುವ ವಿಧಿಯೇ ಇರಲಿಲ್ಲ. ಆದ್ದರಿಂದ ಸಂಸ್ಥೆ ಅವುಗಳನ್ನು ಹೊರಗಿನವರೆಂದು ಎಣಿಸದೆ ‘ನಿಷ್ಕ್ರಿಯ ಸದಸ್ಯರು’ ಎಂದೇ ಉಳಿಸಿಕೊಂಡಿತು. 1950ರ ದಶಕದ ಉತ್ತರಾರ್ಧದಲ್ಲಿ ಸೋವಿಯತ್ ಒಕ್ಕೂಟ ಮರಳಿತು. 1958ರ ಸಭೆಯಲ್ಲಿ ಅದರ ಪ್ರತಿನಿಧಿ, ವೈರಾಣು ವಿಜ್ಞಾನಿ ವಿಕ್ಟರ್ ಝ್ದಾನೋವ್, ಸಿಡುಬನ್ನು ಜಗತ್ತಿನಿಂದಲೇ ನಿರ್ಮೂಲ ಮಾಡುವ ಪ್ರಸ್ತಾವ ಮಂಡಿಸಿದರು. ಭಾರತ 1975ರಲ್ಲಿ ತನ್ನ ಕೊನೆಯ ಪ್ರಕರಣವನ್ನು ಕಂಡಿತು. 1980ರ ಮೇ ತಿಂಗಳಲ್ಲಿ ಸಿಡುಬು ನಿರ್ಮೂಲವಾಯಿತೆಂಬ ಘೋಷಣೆ ಹೊರಬಿತ್ತು. ಒಂದೇ ಒಂದು ದೇಶದಲ್ಲಿ ಉಳಿದಿದ್ದರೂ ಈ ರೋಗ ನಿರ್ಮೂಲವಾಗುತ್ತಿರಲಿಲ್ಲ. ಹೆಸರಿನ ಮೊದಲ ಪದಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಅಮೆರಿಕ 1948ರಲ್ಲಿ ಸೇರುವಾಗ ಒಂದು ವರ್ಷದ ಮುನ್ಸೂಚನೆ ಕೊಟ್ಟು ಹೊರಹೋಗುವ ಹಕ್ಕನ್ನು ಕಾಯ್ದಿರಿಸಿಕೊಂಡಿತ್ತು. 2025ರ ಜನವರಿಯಲ್ಲಿ ಅಂಥ ಸೂಚನೆಯನ್ನು ನೀಡಿತು. ಆದ್ದರಿಂದ ‘ವರ್ಲ್ಡ್’ ಎಂಬುದು ಆಗಿ ಮುಗಿದ ಸಂಗತಿಯ ವರ್ಣನೆ ಎನ್ನುವುದಕ್ಕಿಂತ ಮತ್ತೆ ಮತ್ತೆ ಸಾಧಿಸಿಕೊಳ್ಳಬೇಕಾದ ಗುರಿ ಎನ್ನುವುದು ಹೆಚ್ಚು ಸರಿ.

‘ಎಸ್’ ಇದ್ದಲ್ಲಿ ‘ಜೆಡ್’

ಇನ್ನು ಮೂರನೆಯ ಪದ. ರಾಷ್ಟ್ರಸಂಘದ ಆರೋಗ್ಯ ವಿಭಾಗ ಹೊರತರುತ್ತಿದ್ದ ತ್ರೈಮಾಸಿಕ ಬುಲೆಟಿನ್ನಿನ ಶೀರ್ಷಿಕೆಯಲ್ಲಿ ‘ಆರ್ಗನೈಸೇಷನ್’ಗೆ ‘ಎಸ್’ ಇದೆ. ಹೊಸ ಸಂಸ್ಥೆಯ ಬುಲೆಟಿನ್ನಿನ ಶೀರ್ಷಿಕೆಯಲ್ಲಿ ‘ಜೆಡ್’ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಯುಗ ಮುಗಿದು ಇನ್ನೊಂದು ಆರಂಭವಾದದ್ದು ಒಂದು ಅಕ್ಷರದಲ್ಲಿ ಕಾಣುತ್ತದೆ. ನಡುವೆ ಬಂದದ್ದು ವಿಶ್ವಸಂಸ್ಥೆ. ಸ್ಯಾನ್‌ಫ್ರಾನ್ಸಿಸ್ಕೊ ಸಮ್ಮೇಳನದ ಇಂಗ್ಲಿಷ್ ಹೆಸರಿನಲ್ಲೇ ‘ಆರ್ಗನೈಸೇಷನ್’ ಎಂಬ ಪದವಿತ್ತು ಮತ್ತು ಅದು ‘ಜೆಡ್’ ರೂಪದಲ್ಲಿತ್ತು. 1946ರ ಆರೋಗ್ಯ ಸಂವಿಧಾನದಲ್ಲೂ ಅದೇ ರೂಪ ನೆಲೆಯಾಯಿತು.

ಇದು ಅಮೆರಿಕದ ಸ್ಪೆಲಿಂಗ್ ಎಂಬ ಅಭಿಪ್ರಾಯ ನಮ್ಮಲ್ಲಿ ಬಲವಾಗಿದೆ. ಅಮೆರಿಕದವರು ಹಾಗೆ ಬರೆಯುತ್ತಾರೆ ಎಂಬುದು ನಿಜ. ಆದರೆ ಅದು ಅವರ ಸ್ವತ್ತಲ್ಲ. ಈ ಪ್ರತ್ಯಯದ ಮೂಲ ಗ್ರೀಕಿನ ‘ಇಜೈನ್’. ಲ್ಯಾಟಿನ್ನಿಗೆ ಅದು ‘ಇಜಾರೆ’ ಎಂದು ‘ಜೆಡ್’ನೊಡನೆಯೇ ಬಂದಿತು. ಫ್ರೆಂಚಿಗೆ ಬಂದಾಗ ‘ಎಸ್’ ಆಯಿತು. ಮೂಲದಲ್ಲೂ ‘ಜೆಡ್’, ಉಚ್ಚಾರದಲ್ಲೂ ‘ಜೆಡ್’ ಇರುವಾಗ ಬರವಣಿಗೆಯಲ್ಲಿ ‘ಎಸ್’ ಏಕೆ ಎಂಬುದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಅವರ ವಾದ. 1884ರಿಂದ ಬಿಡಿ ಭಾಗಗಳಾಗಿ ಪ್ರಕಟವಾಗತೊಡಗಿದ ಆ ನಿಘಂಟು ‘ಜೆಡ್’ ರೂಪವನ್ನೇ ಮುಖ್ಯವಾಗಿ ಕೊಟ್ಟಿತು. ಆಕ್ಸ್‌ಫರ್ಡ್ ಮುದ್ರಣಾಲಯದ ನಿಯಮಗಳೂ ಅದನ್ನೇ ಅನುಸರಿಸಿದವು. ಆದ್ದರಿಂದ ಇದಕ್ಕೆ ‘ಆಕ್ಸ್‌ಫರ್ಡ್ ಸ್ಪೆಲಿಂಗ್’ ಎಂಬ ಹೆಸರು ಬಂದಿದೆ. ವಿಶ್ವಸಂಸ್ಥೆಯೂ ಸ್ಪೆಲಿಂಗ್ ವಿಷಯದಲ್ಲಿ ಆಕ್ಸ್‌ಫರ್ಡ್ ನಿಘಂಟನ್ನೇ ಪ್ರಮಾಣವಾಗಿ ಇಟ್ಟುಕೊಂಡು ಬಂದಿದೆ.

ಇದು ಅಮೆರಿಕದ ರೂಪವಲ್ಲ ಎಂಬುದಕ್ಕೆ ಒಂದು ಚೊಕ್ಕ ಸಾಕ್ಷ್ಯ ‘ಇಂಟರ್‌ನ್ಯಾಷನಲ್ ಲೇಬರ್ ಆರ್ಗನೈಸೇಷನ್’, ಅಂದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಹೆಸರಿನಲ್ಲಿದೆ. ಅದರಲ್ಲಿ ‘ಆರ್ಗನೈಸೇಷನ್’ಗೆ ‘ಜೆಡ್’ ಇದೆ, ‘ಲೇಬರ್’ಗೆ ಬ್ರಿಟಿಷ್ ಪದ್ಧತಿಯ ‘ಯು’ ಕೂಡ ಇದೆ. ಅಮೆರಿಕದ ಸ್ಪೆಲಿಂಗ್ ಆಗಿದ್ದರೆ ‘ಯು’ ಇರುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಟಣೆಗಳಲ್ಲೂ ‘ಅನೀಮಿಯ’, ‘ಡಯರಿಯ’, ‘ಟ್ಯೂಮರ್’, ‘ಪ್ರೋಗ್ರಾಮ್’, ‘ಸೆಂಟರ್’ ಇವೆಲ್ಲ ಬ್ರಿಟಿಷ್ ರೂಪದಲ್ಲೇ ಇರುತ್ತವೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರ ವಹಿಸಬೇಕು. ‘ಐಜ್’ ಎಂದು ಕೊನೆಗೊಳ್ಳುವ ಪದಗಳೆಲ್ಲ ಗ್ರೀಕ್ ಪ್ರತ್ಯಯದಿಂದ ಬಂದವಲ್ಲ. ‘ಅಡ್ವೈಸ್’, ‘ಸರ್‌ಪ್ರೈಸ್’, ‘ಎಕ್ಸರ್‌ಸೈಸ್’, ‘ಕಾಂಪ್ರಮೈಸ್’, ‘ಸೂಪರ್‌ವೈಸ್’ ಮೊದಲಾದವುಗಳಿಗೆ ಎಲ್ಲ ಪದ್ಧತಿಗಳಲ್ಲೂ ‘ಎಸ್’ ಬರುತ್ತದೆ. ನಮ್ಮ ಪ್ರಯೋಗಾಲಯದ ವರದಿಗಳಲ್ಲಿ ನಿತ್ಯ ಬರುವ ‘ಅನಲೈಸ್’ ಎಂಬ ಪದಕ್ಕೆ ಆಕ್ಸ್‌ಫರ್ಡ್ ಪದ್ಧತಿಯಲ್ಲೂ ‘ಎಸ್’ ಸರಿ. ಅದು ‘ಅನಾಲಿಸಿಸ್’ನಿಂದ ಬಂದದ್ದು. ಅಮೆರಿಕದವರು ಮಾತ್ರ ಅಲ್ಲಿಯೂ ‘ಜೆಡ್’ ಬಳಸುತ್ತಾರೆ. ಒಂದು ಬರಹದಲ್ಲಿ ‘ಆರ್ಗನೈಸ್’ಗೆ ‘ಜೆಡ್’, ‘ಅನಲೈಸ್’ಗೆ ‘ಎಸ್’ ಇದ್ದರೆ ಅದು ಆಕ್ಸ್‌ಫರ್ಡ್ ಪದ್ಧತಿಯದೆಂದು ಊಹಿಸಬಹುದು.

ಅಂಕಿತನಾಮವನ್ನು ತಿದ್ದುವಂತಿಲ್ಲ

ಹಾಗಾದರೆ ‘ಎಸ್’ ತಪ್ಪೆ? ಖಂಡಿತ ಅಲ್ಲ. ಸಾಮಾನ್ಯ ನಾಮವಾಗಿ ಬಳಸುವಾಗ ಎರಡೂ ಸರಿ. ಒಂದು ಬರಹದುದ್ದಕ್ಕೂ ಒಂದೇ ಪದ್ಧತಿ ಇದ್ದರೆ ಸಾಕು. ಅಂಕಿತನಾಮದ ವಿಷಯ ಬೇರೆ. ಅದು ಹೇಗಿದೆಯೋ ಹಾಗೆ ನಕಲು ಮಾಡಬೇಕೇ ಹೊರತು ನಮ್ಮ ರೂಢಿಗೆ ತಕ್ಕಂತೆ ತಿದ್ದಬಾರದು. ಒಬ್ಬರು ತಮ್ಮ ಹೆಸರನ್ನು ‘ಮೂರ್ತಿ’ ಎಂದು ಬರೆಯುವಾಗ ಇಂಗ್ಲಿಷಿನಲ್ಲಿ ‘ಎಚ್’ ಸೇರಿಸುತ್ತಾರೆ, ಇನ್ನೊಬ್ಬರು ಸೇರಿಸುವುದಿಲ್ಲ. ನಾವು ಅದನ್ನು ತಿದ್ದಲು ಹೋಗುವುದಿಲ್ಲವಷ್ಟೆ.

ಈ ನಿಯಮ ಎರಡೂ ಕಡೆಗೆ ಅನ್ವಯಿಸುತ್ತದೆ. ಇಸ್ರೊ ಮತ್ತು ಡಿಆರ್‌ಡಿಒ ಸಂಸ್ಥೆಗಳ ಅಧಿಕೃತ ಹೆಸರಿನಲ್ಲಿ ‘ಎಸ್’ ಇದೆ. ಅಮೆರಿಕದ ಲೇಖಕರು ಬರೆದರೂ ಅಲ್ಲಿ ‘ಎಸ್’ ಇರಬೇಕು. ಸರ್ನ್ ಪ್ರಯೋಗಾಲಯದ ಇಂಗ್ಲಿಷ್ ಹೆಸರಿನಲ್ಲಿ, ವಿಶ್ವ ಹವಾಮಾನ ಸಂಸ್ಥೆ, ಯುನೆಸ್ಕೊ ಮತ್ತು ವಿಶ್ವ ವ್ಯಾಪಾರ ಸಂಸ್ಥೆಗಳ ಹೆಸರಿನಲ್ಲಿ ‘ಜೆಡ್’ ಇದೆ. ಎಲ್ಲಕ್ಕಿಂತ ಸ್ವಾರಸ್ಯಕರ ಜೋಡಿ ಇನ್ನೊಂದಿದೆ. ಮನುಷ್ಯರ ಆರೋಗ್ಯದ ಸಂಸ್ಥೆಗೆ ‘ಜೆಡ್’ ಇದ್ದರೆ, ಪ್ರಾಣಿಗಳ ಆರೋಗ್ಯದ ವಿಶ್ವ ಸಂಸ್ಥೆಗೆ ‘ಎಸ್’ ಇದೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಹೆಸರಿನೊಂದಿಗೆ ಹುಟ್ಟಿದ ಆ ಸಂಸ್ಥೆ 2003ರಲ್ಲಿ ‘ವರ್ಲ್ಡ್ ಆರ್ಗನೈಸೇಷನ್ ಫಾರ್ ಅನಿಮಲ್ ಹೆಲ್ತ್’ ಎಂಬ ಇಂಗ್ಲಿಷ್ ಹೆಸರನ್ನು ಅಂಗೀಕರಿಸಿತು. ಹಕ್ಕಿಜ್ವರ, ರೇಬೀಸ್ ಮೊದಲಾದ ವಿಷಯಗಳಲ್ಲಿ ಈ ಎರಡೂ ಸಂಸ್ಥೆಗಳ ಹೆಸರು ಒಂದೇ ವಾಕ್ಯದಲ್ಲಿ ಬರುವುದುಂಟು. ಆಗ ಒಂದೇ ಸಾಲಿನಲ್ಲಿ ಎರಡು ಬಗೆಯ ಸ್ಪೆಲಿಂಗ್ ಇರುವುದೇ ಸರಿ!

ವಿಜ್ಞಾನದ ಅಧ್ಯಾಪಕರಿಗೆ ಇದು ಹೊಸತಲ್ಲ. 1948ರಲ್ಲೇ, ಅಂದರೆ ಆರೋಗ್ಯ ಸಂಸ್ಥೆ ಹುಟ್ಟಿದ ವರ್ಷವೇ, ತೂಕ ಮತ್ತು ಅಳತೆಗಳ ಒಂಬತ್ತನೆಯ ಮಹಾಸಮ್ಮೇಳನ ‘ಡಿಗ್ರಿ ಸೆಂಟಿಗ್ರೇಡ್’ ಬದಲು ‘ಡಿಗ್ರಿ ಸೆಲ್ಸಿಯಸ್’ ಎಂಬ ಹೆಸರನ್ನು ಒಪ್ಪಿತು. ಏಕಮಾನಗಳ ಸಂಕೇತದ ಮುಂದೆ ಚುಕ್ಕೆ ಇಡಬಾರದೆಂದೂ ಹೇಳಿತು. ‘ಸೆಂಟಿಗ್ರೇಡ್’ ಮಾತ್ರ ನಮ್ಮ ಬಾಯಿಂದ ಇನ್ನೂ ಪೂರ್ತಿ ಹೋಗಿಲ್ಲ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ‘ಅಲ್ಯೂಮಿನಿಯಮ್’ ಮತ್ತು ‘ಸೀಸಿಯಮ್’ ಪದಗಳಿಗೆ ಬ್ರಿಟಿಷ್ ರೂಪವನ್ನೂ ‘ಸಲ್ಫರ್’ಗೆ ಅಮೆರಿಕದ ‘ಎಫ್’ ಇರುವ ರೂಪವನ್ನೂ ಆಯ್ದುಕೊಂಡಿದೆ. ಇವು ತರ್ಕದಿಂದ ಸಾಧಿಸಿದ ಫಲಿತಾಂಶಗಳಲ್ಲ, ಒಟ್ಟಿಗೆ ಕುಳಿತು ಮಾಡಿಕೊಂಡ ಒಪ್ಪಂದಗಳು. ಒಪ್ಪಂದದ ಬೆಲೆ ಇರುವುದು ಎಲ್ಲರೂ ಪಾಲಿಸಿದಾಗ ಮಾತ್ರ.

ಹ್ರಸ್ವರೂಪ ಮತ್ತು ‘ದಿ’

ಸಂವಿಧಾನಕ್ಕೆ ಸಹಿಯಾದದ್ದು ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್ ಮತ್ತು ಸ್ಪ್ಯಾನಿಷ್ ಎಂಬ ಐದು ಭಾಷೆಗಳಲ್ಲಿ. ಐದೂ ಸಮಾನವಾಗಿ ಅಧಿಕೃತ. ಹೀಗಾಗಿ ಹೆಸರು ಭಾಷೆಯಿಂದ ಭಾಷೆಗೆ ಬೇರೆಯಾಗುತ್ತದೆ. ಇಂಗ್ಲಿಷಿನಲ್ಲಿ ‘ಡಬ್ಲ್ಯುಎಚ್‌ಒ’, ಫ್ರೆಂಚ್ ಮತ್ತು ಸ್ಪ್ಯಾನಿಷ್‌ಗಳಲ್ಲಿ ‘ಒಎಂಎಸ್’. ಫ್ರೆಂಚ್ ಹೆಸರಿನಲ್ಲಿ ‘ಎಸ್’ ಇದೆ, ಸ್ಪ್ಯಾನಿಷ್ ಹೆಸರಿನಲ್ಲಿ ‘ಜೆಡ್’ ಇದೆ. ಮೀಟರ್, ಕಿಲೋಗ್ರಾಂಗಳ ‘ಎಸ್‌ಐ’ ಎಂಬ ಹ್ರಸ್ವರೂಪ ಮಾತ್ರ ಎಲ್ಲ ಭಾಷೆಗಳಲ್ಲೂ ಒಂದೇ.

ಇಂಗ್ಲಿಷಿನಲ್ಲಿ ಪೂರ್ಣ ಹೆಸರಿನ ಹಿಂದೆ ‘ದಿ’ ಬರಬೇಕು. ಹ್ರಸ್ವರೂಪದ ಹಿಂದೆ ಸಂಸ್ಥೆ ತನ್ನ ಪ್ರಕಟಣೆಗಳಲ್ಲಿ ‘ದಿ’ ಬಳಸುವುದಿಲ್ಲ. ಇಂಗ್ಲಿಷಿನ ಸಾಮಾನ್ಯ ರೂಢಿ ಹೀಗಿದೆ: ಪದದಂತೆ ಉಚ್ಚರಿಸುವ ಯುನೆಸ್ಕೊ, ಇಸ್ರೊ, ಸರ್ನ್‌ಗಳಿಗೆ ‘ದಿ’ ಬೇಡ. ಬಿಡಿ ಅಕ್ಷರಗಳಾಗಿ ಉಚ್ಚರಿಸುವ ಯುಎನ್, ಬಿಬಿಸಿಗಳಿಗೆ ‘ದಿ’ ಬೇಕು. ನಮ್ಮ ಸಂಸ್ಥೆಯ ಹೆಸರನ್ನು ಬಿಡಿ ಅಕ್ಷರಗಳಾಗಿಯೇ ಉಚ್ಚರಿಸುತ್ತಾರೆ. ‘ಹೂ’ ಎಂದು ಓದಿದರೆ ‘ಯಾರು’ ಎಂಬ ಪ್ರಶ್ನೆಯಾಗಿಬಿಡುತ್ತದೆ. ಹಾಗಿದ್ದರೂ ಸಂಸ್ಥೆಯ ಪದ್ಧತಿಯಲ್ಲಿ ‘ದಿ’ ಇಲ್ಲ. ಪತ್ರಿಕೆಗಳು ಸಾಮಾನ್ಯ ರೂಢಿಯನ್ನು ಅನುಸರಿಸಿ ‘ದಿ’ ಸೇರಿಸುವುದುಂಟು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಂತೂ ಅಕ್ಷರಗಳ ನಡುವೆ ಚುಕ್ಕೆಗಳನ್ನೂ ಇಡುತ್ತ ಬಂದಿದೆ. ಪತ್ರಿಕೆಗಳಲ್ಲಿ ಅದು ತಪ್ಪಲ್ಲ. ವೈಜ್ಞಾನಿಕ ವರದಿಯಲ್ಲಿ ಸಂಸ್ಥೆಯ ಪದ್ಧತಿಯನ್ನೇ ಅನುಸರಿಸುವುದು ಒಳ್ಳೆಯದು. ಹ್ರಸ್ವರೂಪವು ವಿಶೇಷಣವಾಗಿ ಬಂದಾಗ, ‘ಒಂದು ವರದಿ’ ಎಂಬ ಅರ್ಥದಲ್ಲಿ, ಹಿಂದೆ ‘ಎ’ ಬರಬೇಕು, ‘ಆನ್’ ಅಲ್ಲ. ಏಕೆಂದರೆ ಉಚ್ಚಾರ ‘ಡ’ಕಾರದಿಂದ ಆರಂಭವಾಗುತ್ತದೆ.

ಹೆಸರಿಗೂ ಕಾನೂನಿನ ಕಾವಲು

ಇಷ್ಟೆಲ್ಲ ಸೂಕ್ಷ್ಮತೆ ಅಗತ್ಯವೆ ಎಂದು ಕೆಲವರು ಕೇಳಬಹುದು. ಈ ಹೆಸರಿನ ಮೇಲೆ ಜನ ಇಟ್ಟ ನಂಬಿಕೆ ದೊಡ್ಡದು. ಅದಕ್ಕೆಂದೇ ಅದರ ದುರುಪಯೋಗವೂ ಹೆಚ್ಚು. ಭಾರತದ 1950ರ ಲಾಂಛನಗಳು ಮತ್ತು ಹೆಸರುಗಳ ಅನುಚಿತ ಬಳಕೆ ತಡೆ ಕಾಯಿದೆಯ ಅನುಸೂಚಿಯನ್ನು ನೋಡಿ. ಮೊದಲನೆಯದು ವಿಶ್ವಸಂಸ್ಥೆಯ ಹೆಸರು ಮತ್ತು ಲಾಂಛನ, ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆಯದು, ಮೂರನೆಯದು ನಮ್ಮ ರಾಷ್ಟ್ರಧ್ವಜ. ಅನುಮತಿಯಿಲ್ಲದೆ ಇವುಗಳನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ.

ಹಾಗಿದ್ದರೂ ‘ವಿಶ್ವ ಆರೋಗ್ಯ ಸಂಸ್ಥೆಯಿಂದ ಪ್ರಮಾಣಿತ’ ಎಂಬಂಥ ಜಾಹೀರಾತುಗಳು ಕಾಣಸಿಗುತ್ತವೆ. ಔಷಧ ಕಾರ್ಖಾನೆಗಳು ತೋರಿಸುವ ಉತ್ತಮ ತಯಾರಿಕಾ ಪದ್ಧತಿಯ ಪ್ರಮಾಣಪತ್ರವನ್ನು ಸಂಸ್ಥೆ ರೂಪಿಸಿದ ಮಾದರಿಯಂತೆ ಆಯಾ ದೇಶದ ಔಷಧ ನಿಯಂತ್ರಕರು ಕೊಡುತ್ತಾರೆ, ಸಂಸ್ಥೆಯೇ ಕೊಡುವುದಲ್ಲ. 2021ರ ಫೆಬ್ರವರಿಯಲ್ಲಿ ಕೋವಿಡ್‌ಗೆ ಸಂಬಂಧಿಸಿದ ಸಾಂಪ್ರದಾಯಿಕ ಔಷಧವೊಂದರ ಬಗ್ಗೆ ಇಂಥ ಮಾತು ಹಬ್ಬಿದಾಗ, ದೆಹಲಿಯಲ್ಲಿರುವ ಆಗ್ನೇಯ ಏಷ್ಯಾ ವಲಯ ಕಚೇರಿ ತಾನು ಅಂಥ ಯಾವುದೇ ಔಷಧವನ್ನು ಪರಿಶೀಲಿಸಿಲ್ಲ, ಪ್ರಮಾಣೀಕರಿಸಿಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು. ಸ್ಪೆಲಿಂಗ್ ಸರಿಯಿದ್ದ ಮಾತ್ರಕ್ಕೆ ಒಂದು ಸಂದೇಶ ನಿಜವಾಗುವುದಿಲ್ಲ. ಆದರೆ ಹೆಸರನ್ನೇ ತಪ್ಪಾಗಿ ಬರೆದ ಸಂದೇಶವನ್ನು ಮೂಲದೊಡನೆ ತಾಳೆ ನೋಡದೆ ನಂಬಬಾರದು ಎಂಬ ಅಭ್ಯಾಸವಾದರೂ ಬೆಳೆಯಬೇಕು.

ಕನ್ನಡದಲ್ಲಿ ಬರೆಯುವಾಗ

ಕನ್ನಡದಲ್ಲಿ ‘ವಿಶ್ವ ಆರೋಗ್ಯ ಸಂಸ್ಥೆ’ ಎಂಬ ಹೆಸರು ಚೆನ್ನಾಗಿ ಬೇರೂರಿದೆ. ಅದನ್ನು ಬದಲಿಸುವ ಅಗತ್ಯವಿಲ್ಲ. ಆದರೆ ಒಂದು ತೊಡಕಿದೆ. ‘ಯುನೈಟೆಡ್ ನೇಷನ್ಸ್’ ಎಂಬುದನ್ನು ನಾವು ‘ವಿಶ್ವಸಂಸ್ಥೆ’ ಎಂದು ಕರೆಯುತ್ತೇವೆ. ‘ವಿಶ್ವ’ಕ್ಕೂ ‘ಸಂಸ್ಥೆ’ಗೂ ನಡುವೆ ‘ಆರೋಗ್ಯ’ವನ್ನು ಸೇರಿಸಿದಂತೆ ಈ ಹೆಸರು ಕಾಣುವುದರಿಂದ ಅದು ವಿಶ್ವಸಂಸ್ಥೆಯ ಆರೋಗ್ಯ ಶಾಖೆ ಎಂಬ ಭಾವನೆ ಸುಲಭವಾಗಿ ಮೂಡುತ್ತದೆ. 1946ರಲ್ಲಿ ‘ವರ್ಲ್ಡ್’ ಎಂಬ ಪದವನ್ನು ಆರಿಸಿದವರು ತಪ್ಪಿಸಬೇಕೆಂದುಕೊಂಡದ್ದು ಇಂಥ ಭಾವನೆಯನ್ನೇ. ಪಾಠ ಹೇಳುವಾಗ ಅಧ್ಯಾಪಕರು ಒಂದು ವಾಕ್ಯ ಹೆಚ್ಚಾಗಿ ಹೇಳಿದರೆ ಈ ಗೊಂದಲ ಉಳಿಯುವುದಿಲ್ಲ.

ಶಾಲಾ ಕಾಲೇಜುಗಳಲ್ಲಿ ಏಪ್ರಿಲ್ 7ರ ಭಿತ್ತಿಪತ್ರ ಸಿದ್ಧಪಡಿಸುವಾಗ ಒಂದು ಸಣ್ಣ ಚಟುವಟಿಕೆ ಮಾಡಿಸಬಹುದು. ತಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಹತ್ತು ಅಂತರರಾಷ್ಟ್ರೀಯ ಮತ್ತು ರಾಷ್ಟ್ರೀಯ ಸಂಸ್ಥೆಗಳ ಇಂಗ್ಲಿಷ್ ಹೆಸರುಗಳನ್ನು ವಿದ್ಯಾರ್ಥಿಗಳು ಪಟ್ಟಿಮಾಡಲಿ. ಪ್ರತಿಯೊಂದರ ಸಂವಿಧಾನದಲ್ಲಿ ಅಥವಾ ಅಧಿಕೃತ ಪ್ರಕಟಣೆಯಲ್ಲಿ ಹೆಸರು ಹೇಗಿದೆ ಎಂದು ನೋಡಿ ಪಠ್ಯಪುಸ್ತಕದೊಡನೆ ಹೋಲಿಸಲಿ. ಎಷ್ಟು ಕಡೆ ‘ಎಸ್’, ಎಷ್ಟು ಕಡೆ ‘ಜೆಡ್’ ಎಂಬ ಲೆಕ್ಕದ ಜೊತೆಗೆ ಮೂಲಕ್ಕೆ ಹೋಗಿ ತಾಳೆ ನೋಡುವ ಅಭ್ಯಾಸವೂ ಅವರಿಗೆ ಸಿಗುತ್ತದೆ. ನೀರಿನ ಫ್ಲೋರೈಡ್ ಮಿತಿಯನ್ನು ಉಲ್ಲೇಖಿಸುವಾಗ ಬೇಕಾಗುವುದೂ ಇದೇ ಅಭ್ಯಾಸ.